ಇಂಗ್ಲಿಷಿನ ‘ವೇಗ್’ ಎಂಬ ಪದ: ಅರ್ಥ ಹಿಡಿಯುವ ಬಗೆ, ಬಳಸುವ ಬಗೆ

ಇಂಗ್ಲಿಷ್–ಕನ್ನಡ ನಿಘಂಟುಗಳಲ್ಲಿ ‘ವೇಗ್’ ಎಂಬ ವಿಶೇಷಣಕ್ಕೆ ಸಾಮಾನ್ಯವಾಗಿ ‘ಅಸ್ಪಷ್ಟ’, ‘ಅನಿಶ್ಚಿತ’, ‘ಮಸುಕಾದ’ ಎಂಬ ಅರ್ಥಗಳು ಸಿಗುತ್ತವೆ. ಇವು ತಪ್ಪಲ್ಲ. ಆದರೆ ಇವನ್ನಷ್ಟೇ ನಂಬಿಕೊಂಡು ಇಂಗ್ಲಿಷಿನಲ್ಲಿ ಬರೆಯಲು ಹೊರಟವರು ಸರಿಯಾಗಿ ಮೂಡದ ಫೋಟೊವನ್ನೂ, ಓದಲು ಬಾರದ ಕೈಬರಹವನ್ನೂ, ಫೋನಿನಲ್ಲಿ ಕೇಳಿಸದ ದನಿಯನ್ನೂ ‘ವೇಗ್’ ಎಂದೇ ಕರೆದುಬಿಡುತ್ತಾರೆ. ಎರಡು ಅರ್ಥ ಕೊಡುವ ವಾಕ್ಯವನ್ನೂ ಅದೇ ಪದದಿಂದ ದೂರುತ್ತಾರೆ. ಇಂಗ್ಲಿಷ್ ಚೆನ್ನಾಗಿ ಬಲ್ಲ ಓದುಗರಿಗೆ ಈ ಬಳಕೆಗಳು ಒಡನೆಯೇ ಎಡವಟ್ಟಾಗಿ ಕೇಳಿಸುತ್ತವೆ. ಕನ್ನಡದ ‘ಅಸ್ಪಷ್ಟ’ ಬಹಳ ಅಗಲವಾದ ಪದ. ಇಂಗ್ಲಿಷಿನ ‘ವೇಗ್’ ಅದರ ಒಂದು ಪಾಲನ್ನು ಮಾತ್ರ ಹೇಳುತ್ತದೆ. ಆ ಪಾಲು ಯಾವುದು ಎಂಬುದನ್ನು ಹಿಡಿದುಕೊಂಡರೆ ಪದವನ್ನು ಬಳಸುವುದು ಸುಲಭವಾಗುತ್ತದೆ. ಜೊತೆಗೆ ನಮ್ಮ ಪತ್ರಗಳಲ್ಲಿ, ಅರ್ಜಿಗಳಲ್ಲಿ ಏನು ಬಿಟ್ಟುಹೋಗಿದೆ ಎಂಬುದೂ ಕಾಣತೊಡಗುತ್ತದೆ.

ಮೊದಲು ಉಚ್ಚಾರಣೆ

ಪದದ ಅಕ್ಷರಗಳು ವಿ, ಎ, ಜಿ, ಯು, ಇ. ಕೊನೆಯ ಎರಡು ಅಕ್ಷರಗಳನ್ನು ಉಚ್ಚರಿಸುವುದಿಲ್ಲ. ‘ಆರ್ಗ್ಯೂ’ ಎಂಬ ಪದವನ್ನು ಮೊದಲು ಕಲಿತವರು ಅದೇ ದಾರಿಯಲ್ಲಿ ‘ವೇಗ್ಯೂ’ ಎಂದು ಓದುವುದುಂಟು, ಅದು ಸರಿಯಲ್ಲ. ಎಲ್ಲರಿಗೂ ಪರಿಚಿತವಾದ ‘ಪ್ಲೇಗ್’ ಎಂಬ ಕಾಯಿಲೆಯ ಹೆಸರು ಇದಕ್ಕೆ ಸರಿಯಾದ ಜೋಡಿ: ಎರಡೂ ಒಂದೇ ಬಗೆಯಲ್ಲಿ ಮುಗಿಯುತ್ತವೆ, ಒಂದೇ ಬಗೆಯಲ್ಲಿ ಬರೆಯಲ್ಪಡುತ್ತವೆ. ‘ಲೀಗ್’, ‘ಕಲೀಗ್’ ಎಂಬ ಪದಗಳೂ ಇದೇ ಸಾಲಿನವು. ನಡುವೆ ಯು ಇಲ್ಲದಿದ್ದರೆ ‘ಪೇಜ್’, ‘ವೇಜ್’ ಪದಗಳಲ್ಲಿ ಆಗುವಂತೆ ಜಿ ಅಕ್ಷರ ‘ಜ’ಕಾರವಾಗಿಬಿಡುತ್ತಿತ್ತು, ಅದನ್ನು ‘ಗ’ಕಾರವಾಗಿಯೇ ಉಳಿಸುವುದು ಆ ಯು ಅಕ್ಷರದ ಕೆಲಸ.

ಕನ್ನಡಿಗರು ಇಲ್ಲಿ ಇನ್ನೂ ಒಂದು ವಿಷಯವನ್ನು ಗಮನಿಸಬೇಕು. ವ್ಯಂಜನದಲ್ಲಿ ಮುಗಿಯುವ ಇಂಗ್ಲಿಷ್ ಪದಕ್ಕೆ ಕೊನೆಯಲ್ಲಿ ಒಂದು ಸ್ವರ ಸೇರಿಸುವುದು ನಮ್ಮ ನಾಲಿಗೆಯ ಅಭ್ಯಾಸ. ಹಾಗೆ ಮಾಡಿದರೆ ಈ ಪದ ನಮ್ಮ ‘ವೇಗ’ದ ಹತ್ತಿರಕ್ಕೆ ಬಂದುಬಿಡುತ್ತದೆ. ‘ಅವರ ಉತ್ತರ ತುಂಬ ವೇಗ್ ಆಗಿತ್ತು’ ಎಂದು ಕನ್ನಡದ ಮಾತಿನ ನಡುವೆ ಹೇಳಿದರೆ, ಕೇಳುವವರು ಉತ್ತರ ಬೇಗನೆ ಬಂತು ಎಂದು ತಿಳಿದುಕೊಳ್ಳುವ ಸಾಧ್ಯತೆ ನಿಜವಾಗಿಯೂ ಇದೆ. ಆದ್ದರಿಂದ ಕನ್ನಡದಲ್ಲಿ ಮಾತನಾಡುವಾಗ ಈ ಪದವನ್ನು ಬೆರೆಸದೆ, ಸಂದರ್ಭಕ್ಕೆ ತಕ್ಕ ಕನ್ನಡ ಪದವನ್ನೇ ಬಳಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಆಡಂಬರದ ಫ್ಯಾಷನ್ ಅಥವಾ ಚಾಲ್ತಿ ಎಂಬ ಅರ್ಥದ ‘ವೋಗ್’ ಬೇರೆಯೇ ಪದ. ಕಾಗುಣಿತದಲ್ಲಿ ಒಂದೇ ಅಕ್ಷರದ ವ್ಯತ್ಯಾಸವಿರುವುದರಿಂದ ಬರೆಯುವಾಗ ಎಚ್ಚರ ಬೇಕು.

ಇದರ ತರತಮ ರೂಪಗಳು ‘ವೇಗರ್’ ಮತ್ತು ‘ವೇಗೆಸ್ಟ್’. ಕ್ರಿಯಾವಿಶೇಷಣ ‘ವೇಗ್ಲಿ’, ನಾಮಪದ ‘ವೇಗ್‌ನೆಸ್’.

ಮೂಲಾರ್ಥ: ಅಲೆಯುವುದು

ಈ ಪದ ಲ್ಯಾಟಿನ್ನಿನ ‘ವಾಗುಸ್’ ಎಂಬುದರಿಂದ ಫ್ರೆಂಚಿನ ಮೂಲಕ 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ‘ವಾಗುಸ್’ ಎಂದರೆ ಅಲೆಯುವ, ನೆಲೆಯಿಲ್ಲದೆ ತಿರುಗುವ ಎಂದು ಅರ್ಥ. ಅಲೆಮಾರಿಯನ್ನು ಸೂಚಿಸುವ ‘ವ್ಯಾಗಬಾಂಡ್’, ಮಿತಿಯನ್ನು ಮೀರಿ ಹೋಗುವುದನ್ನು ಹೇಳುವ ‘ಎಕ್ಸ್‌ಟ್ರಾವಗಂಟ್’ ಇದೇ ಬೇರಿನವು. ವೈದ್ಯರು ಮಾತನಾಡುವ ವೇಗಸ್ ನರದ ಹೆಸರೂ ಇಲ್ಲಿಂದಲೇ ಬಂದದ್ದು: ಮೆದುಳಿನಿಂದ ಹೊರಡುವ ಈ ಹತ್ತನೆಯ ಕಪಾಲ ನರ ಕುತ್ತಿಗೆ, ಎದೆಗಳನ್ನು ಹಾದು ಹೊಟ್ಟೆಯವರೆಗೂ ಅಲೆದಾಡುತ್ತದೆ. ವ್ಯುತ್ಪತ್ತಿಯನ್ನು ತಿಳಿದ ಮಾತ್ರಕ್ಕೆ ಪದದ ಬಳಕೆ ಬಾರದು, ಎಷ್ಟೋ ಪದಗಳಲ್ಲಿ ಅದು ದಾರಿ ತಪ್ಪಿಸುವುದೂ ಉಂಟು. ಆದರೆ ಈ ಪದದ ಮಟ್ಟಿಗೆ ಅದು ನೆರವಾಗುತ್ತದೆ. ಯಾವ ಮಾತು ಒಂದು ಕಡೆ ನಿಲ್ಲದೆ ಅಲೆಯುತ್ತಿರುತ್ತದೆಯೋ, ಇಂತಿಷ್ಟು, ಇಂಥದ್ದು, ಇಂಥ ದಿನ ಎಂದು ನೆಲೆಗೊಳ್ಳುವುದಿಲ್ಲವೋ ಆ ಮಾತು ‘ವೇಗ್’.

ಸರಳವಾಗಿ ಹೇಳುವುದಾದರೆ, ಇರಬೇಕಾದ ವಿವರ ಇಲ್ಲದ, ಅಥವಾ ಗಡಿ ಎಲ್ಲಿದೆಯೆಂದು ಗೊತ್ತಾಗದ ಮಾತು, ಯೋಚನೆ, ನೆನಪು ಅಥವಾ ಭಾವನೆಗೆ ಈ ವಿಶೇಷಣ ಸಲ್ಲುತ್ತದೆ. ‘ಯಾವಾಗ ಹಣ ಕೊಡುತ್ತೀರಿ?’ ಎಂದು ಕೇಳಿದಾಗ ‘ಆದಷ್ಟು ಬೇಗ ನೋಡೋಣ’ ಎಂಬ ಉತ್ತರ ಬಂದರೆ ಅದರ ಒಂದೊಂದು ಪದವೂ ನಮಗೆ ಅರ್ಥವಾಗುತ್ತದೆ, ದನಿ ಚೆನ್ನಾಗಿಯೇ ಕೇಳಿಸಿರುತ್ತದೆ, ವಾಕ್ಯದಲ್ಲಿ ವ್ಯಾಕರಣದೋಷವೂ ಇಲ್ಲ. ಇಷ್ಟಾದರೂ ದಿನಾಂಕ ಮಾತ್ರ ತಿಳಿಯಲಿಲ್ಲ. ಇಂಗ್ಲಿಷಿನಲ್ಲಿ ಇದನ್ನು ‘ಎ ವೇಗ್ ಆನ್ಸರ್’ ಎನ್ನುತ್ತಾರೆ.

ಗಡಿಯಿಲ್ಲದಿರುವಿಕೆಯ ಈ ಸಮಸ್ಯೆ ತತ್ತ್ವಶಾಸ್ತ್ರದಲ್ಲಿಯೂ ಹಳೆಯದು. ಮಿಲೇಟಸ್‌ನ ಯೂಬುಲಿಡೀಸ್ ಎಂಬ ಗ್ರೀಕ್ ಚಿಂತಕನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ರಾಶಿಯ ಒಗಟು ಇದನ್ನೇ ಕುರಿತದ್ದು: ಕಾಳಿನ ರಾಶಿಯಿಂದ ಒಂದೊಂದೇ ಕಾಳನ್ನು ತೆಗೆಯುತ್ತ ಹೋದರೆ ಯಾವ ಕಾಳನ್ನು ತೆಗೆದಾಗ ಅದು ರಾಶಿಯಾಗಿರುವುದು ನಿಲ್ಲುತ್ತದೆ? ಬರ್ಟ್ರಂಡ್ ರಸೆಲ್ 1923ರಲ್ಲಿ ಇದೇ ವಿಷಯವನ್ನು ಕುರಿತು ಬರೆದ ಪ್ರಬಂಧದಲ್ಲಿ, ತಲೆಕೂದಲು ಒಂದೊಂದಾಗಿ ಉದುರಿ ಬೋಳಾಗುವ ಮನುಷ್ಯನನ್ನು ಉದಾಹರಣೆಯಾಗಿ ತೆಗೆದುಕೊಂಡ. ‘ರಾಶಿ’, ‘ಬೋಳು’, ‘ಎತ್ತರ’, ‘ಹತ್ತಿರ’, ‘ಬೇಗ’ ಇಂಥ ಪದಗಳಿಗೆಲ್ಲ ಅರ್ಥವಿದೆ, ಗೆರೆ ಎಳೆದಂಥ ಗಡಿ ಇಲ್ಲ. ತತ್ತ್ವಶಾಸ್ತ್ರದ ಇಂಗ್ಲಿಷಿನಲ್ಲಿ ‘ವೇಗ್’ ಎಂದರೆ ನಿಖರವಾಗಿ ಇದೇ. ದಿನಬಳಕೆಯಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರುತ್ತದೆ: ಹೇಳಬಹುದಾಗಿದ್ದ ವಿವರವನ್ನು ಹೇಳಲಿಲ್ಲ ಎಂಬ ದೂರು.

‘ಆಂಬಿಗ್ಯುಯಸ್’ ಬೇರೆ, ‘ವೇಗ್’ ಬೇರೆ

ಅತಿ ಹೆಚ್ಚು ಗೊಂದಲವಾಗುವುದು ಇಲ್ಲಿಯೇ. ‘ಹಳೆಯ ಪುಸ್ತಕದ ಅಂಗಡಿ’ ಎಂಬ ಮಾತನ್ನು ತೆಗೆದುಕೊಳ್ಳಿ. ಹಳೆಯದಾಗಿರುವುದು ಪುಸ್ತಕವೋ ಅಂಗಡಿಯೋ? ಎರಡು ಅರ್ಥಗಳಿವೆ, ಎರಡೂ ಸ್ವತಃ ಸ್ಪಷ್ಟವಾಗಿವೆ. ಯಾವುದು ಉದ್ದೇಶಿತ ಎಂಬುದಷ್ಟೇ ತಿಳಿಯದು. ಇದು ‘ಆಂಬಿಗ್ಯುಯಸ್’, ಕನ್ನಡದಲ್ಲಿ ಸಂದಿಗ್ಧ. ‘ಪುಸ್ತಕದ ಅಂಗಡಿ ಇಲ್ಲೇ ಹತ್ತಿರದಲ್ಲಿದೆ’ ಎಂಬ ಮಾತಿಗೆ ಒಂದೇ ಅರ್ಥ, ಆದರೆ ಹತ್ತಿರ ಎಂದರೆ ನೂರು ಹೆಜ್ಜೆಯೋ ಎರಡು ಕಿಲೋಮೀಟರೋ ಎಂಬುದು ಹೇಳಿದವರಿಗೇ ಗೊತ್ತು. ಇದು ‘ವೇಗ್’.

ಇವೆರಡನ್ನು ಬೇರ್ಪಡಿಸಲು ಒಂದು ಪರೀಕ್ಷೆ ಸಾಕು. ಮಾತನ್ನು ಕೇಳಿದ ಮೇಲೆ ನಿಮ್ಮ ಬಾಯಿಗೆ ಬರುವ ಪ್ರಶ್ನೆ ‘ಇದೋ, ಅದೋ?’ ಎಂದಾದರೆ ಮಾತು ಆಂಬಿಗ್ಯುಯಸ್. ‘ಎಷ್ಟು?’, ‘ಯಾವಾಗ?’, ‘ಯಾರು?’, ‘ಅಂದರೆ ನಿರ್ದಿಷ್ಟವಾಗಿ ಏನು?’ ಎಂಬ ಪ್ರಶ್ನೆ ಬಂದರೆ ಮಾತು ವೇಗ್. ಮಂಗಳವಾರ ನಿಂತು ‘ಮುಂದಿನ ಶುಕ್ರವಾರ ಬರುತ್ತೇನೆ’ ಎಂದವರನ್ನು ನಾವು ‘ಈ ವಾರದ್ದೋ, ಬರುವ ವಾರದ್ದೋ?’ ಎಂದು ಕೇಳುತ್ತೇವೆ. ‘ಸದ್ಯದಲ್ಲೇ ಬರುತ್ತೇನೆ’ ಎಂದವರನ್ನು ‘ಯಾವಾಗ?’ ಎಂದು ಕೇಳುತ್ತೇವೆ. ಇಂಗ್ಲಿಷಿನ ‘ನೆಕ್ಸ್ಟ್ ಫ್ರೈಡೇ’ ಮತ್ತು ‘ಒನ್ ಆಫ್ ದೀಸ್ ಡೇಸ್’ ಎಂಬ ಮಾತುಗಳ ನಡುವೆಯೂ ಇದೇ ಅಂತರವಿದೆ. ಒಂದೇ ವಾಕ್ಯ ಎರಡೂ ಆಗಿರುವುದು ಸಾಧ್ಯ, ಆಗ ಎರಡು ಪದಗಳನ್ನೂ ಬಳಸಬಹುದು.

ಇಲ್ಲಿಯೇ ಇನ್ನೆರಡು ನೆರೆಯ ಪದಗಳನ್ನು ಬೇರೆಮಾಡಿಕೊಳ್ಳಬೇಕು. ಸಾಮಾನ್ಯವಾಗಿ ಹೇಳಿದ ಮಾತೆಲ್ಲ ವೇಗ್ ಅಲ್ಲ. ‘ನಾನು ಕರ್ನಾಟಕದವನು’ ಎಂಬ ಮಾತಿನಲ್ಲಿ ಊರಿನ ಹೆಸರಿಲ್ಲ, ಆದರೆ ಕರ್ನಾಟಕಕ್ಕೆ ಗಡಿಯಿದೆ. ಆ ಮಾತು ‘ಜನರಲ್’ ಮಾತ್ರ. ‘ನಾನು ಆ ಕಡೆಯವನು’ ಎಂದರೆ ಅದು ವೇಗ್. ಹಾಗೆಯೇ ಅನುಮಾನವೂ ವೇಗ್ ಅಲ್ಲ. ಬಸ್ಸು ಹೊರಡುವುದು ಆರಕ್ಕೋ ಏಳಕ್ಕೋ ಎಂದು ತಿಳಿಯದವರು ‘ಐ ಆಮ್ ನಾಟ್ ಶೂರ್’ ಎನ್ನಬೇಕು, ‘ಐ ಆಮ್ ವೇಗ್’ ಎನ್ನಬಾರದು. ಹಾಗೆಂದರೆ ನನ್ನ ಮಾತಿಗೆ ಖಚಿತತೆಯಿಲ್ಲ, ನಾನು ಅನ್ಯಮನಸ್ಕ ಎಂದು ತಮ್ಮ ಸ್ವಭಾವವನ್ನೇ ಬಣ್ಣಿಸಿಕೊಂಡಂತೆ ಆಗುತ್ತದೆ. ಗೊಂದಲವಾಗಿದೆ ಎನ್ನುವವರಿಗೂ ಈ ಪದ ಒದಗದು. ಸೂಚನೆಗಳು ವೇಗ್ ಆಗಿರುತ್ತವೆ, ಅವನ್ನು ಓದಿದವರು ‘ಕನ್‌ಫ್ಯೂಸ್ಡ್’ ಆಗಿರುತ್ತಾರೆ.

‘ಇಕ್ವಿವೋಕಲ್’ ಎಂಬುದು ಎರಡೂ ಕಡೆಗೆ ಜಾರಬಲ್ಲಂತೆ ಆಡಿದ ಮಾತು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತನಾಡುವುದು ಎಂದು ಕನ್ನಡದಲ್ಲಿ ಯಾವುದನ್ನು ಹೇಳುತ್ತೇವೆಯೋ ಅದಕ್ಕೆ ಈ ಪದ ಹೆಚ್ಚು ಹತ್ತಿರ. ನೇರ ಉತ್ತರದಿಂದ ತಪ್ಪಿಸಿಕೊಳ್ಳಲು ಕೊಡುವ ಹಾರಿಕೆಯ ಉತ್ತರ ‘ಇವೇಸಿವ್’. ಹಾರಿಕೆಯ ಉತ್ತರ ಬಹುಮಟ್ಟಿಗೆ ವೇಗ್ ಆಗಿಯೇ ಇರುತ್ತದೆ, ಆದರೆ ವೇಗ್ ಎಂದಮಾತ್ರಕ್ಕೆ ಹೇಳಿದವರ ಮೇಲೆ ಉದ್ದೇಶವನ್ನು ಹೊರಿಸಿದಂತಾಗುವುದಿಲ್ಲ. ಅವರಿಗೂ ವಿವರ ಗೊತ್ತಿಲ್ಲದಿರಬಹುದು. ಉದ್ದೇಶಪೂರ್ವಕ ಎಂದೇ ಹೇಳಬೇಕಿದ್ದರೆ ಇಂಗ್ಲಿಷಿನಲ್ಲಿ ‘ಡೆಲಿಬರೇಟ್ಲಿ ವೇಗ್’ ಎಂದು ಬಿಡಿಸಿ ಹೇಳುತ್ತಾರೆ. ‘ನೆಬ್ಯುಲಸ್’ ಎಂಬುದು ಇನ್ನೂ ರೂಪ ತಳೆಯದ ಯೋಜನೆ, ಪರಿಕಲ್ಪನೆಗಳಿಗೆ ಬಳಸುವ, ಸ್ವಲ್ಪ ಗ್ರಾಂಥಿಕವಾದ ಪದ. ಮಂಜು ಎಂಬ ಅರ್ಥದ ಲ್ಯಾಟಿನ್ ‘ನೆಬುಲ’ದಿಂದ ಅದು ಹುಟ್ಟಿತು, ನಮ್ಮ ‘ನಭ’ಕ್ಕೂ ಅದಕ್ಕೂ ಮೂಲದಲ್ಲಿ ನಂಟಿದೆ ಎಂಬುದು ಕನ್ನಡಿಗರಿಗೆ ಅದನ್ನು ನೆನಪಿಡಲು ಒಳ್ಳೆಯ ದಾರಿ.

‘ಅಸ್ಪಷ್ಟ’ ಎಂಬ ಒಂದೇ ಪದ ಇಂಗ್ಲಿಷಿನಲ್ಲಿ ಹಂಚಿಹೋಗುವ ಬಗೆ

ಭಾಷಾಂತರ ಮಾಡುವವರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ಕನ್ನಡದಲ್ಲಿ ಫೋಟೊ ಅಸ್ಪಷ್ಟ, ದನಿ ಅಸ್ಪಷ್ಟ, ಬರಹ ಅಸ್ಪಷ್ಟ, ಉತ್ತರ ಅಸ್ಪಷ್ಟ, ನೆನಪು ಅಸ್ಪಷ್ಟ, ಕವಿತೆಯ ಸಾಲೂ ಅಸ್ಪಷ್ಟ. ಇಂಗ್ಲಿಷಿನಲ್ಲಿ ಕ್ಯಾಮೆರಾ ಅಲುಗಿ ಹಾಳಾದ ಫೋಟೊ ‘ಬ್ಲರ್ಡ್’ ಅಥವಾ ‘ಬ್ಲರಿ’. ಓದಲಾಗದ ಅಕ್ಷರ ‘ಇಲ್ಲೆಜಿಬಲ್’. ಮಾತು ಬಿಡಿಬಿಡಿಯಾಗಿ ಕೇಳಿಸದಿದ್ದರೆ ‘ಇಂಡಿಸ್ಟಿಂಕ್ಟ್’, ದನಿ ಕ್ಷೀಣವಾಗಿದ್ದರೆ ‘ಫೇಂಟ್’. ಅರ್ಥ ಆಳದಲ್ಲಿ ಹುದುಗಿದ್ದು ತಜ್ಞರಿಗಷ್ಟೇ ದಕ್ಕುವಂತಿದ್ದರೆ ಆ ಸಾಲು ‘ಅಬ್ಸ್ಕ್ಯೂರ್’. ‘ವೇಗ್’ ಉಳಿಯುವುದು ಉತ್ತರಕ್ಕೆ, ಭರವಸೆಗೆ, ವಿವರಣೆಗೆ, ನೆನಪಿಗೆ ಮತ್ತು ಭಾವನೆಗೆ. ಕಣ್ಣಿಗೂ ಕಿವಿಗೂ ಸಂಬಂಧಿಸಿದ ತೊಂದರೆಗೆ ಇದು ಸಾಮಾನ್ಯವಾಗಿ ಸಲ್ಲುವುದಿಲ್ಲ.

ಇದಕ್ಕೆ ಒಂದು ವಿನಾಯಿತಿ ಇದೆ. ಮಂಜಿನಲ್ಲಿ ಅಥವಾ ಕತ್ತಲಲ್ಲಿ ಏನೋ ಇದೆ ಎನ್ನುವಷ್ಟೇ ಕಾಣುವ ಆಕಾರವನ್ನು ‘ಎ ವೇಗ್ ಶೇಪ್’, ‘ಎ ವೇಗ್ ಔಟ್‌ಲೈನ್’ ಎಂದು ಹೇಳುವುದು ಒಪ್ಪಿತವಾದ ಬಳಕೆ. ಅಂಚು ಎಲ್ಲಿ ಎಂದು ಗೊತ್ತಾಗದು ಎಂಬ ಮೂಲಾರ್ಥವೇ ಇಲ್ಲಿಯೂ ಕೆಲಸ ಮಾಡುತ್ತಿದೆ. ಹಾಗಾಗಿ ಬೆಟ್ಟದ ‘ವೇಗ್ ಔಟ್‌ಲೈನ್’ ಕಂಡಿತು ಎನ್ನಬಹುದು, ಬೆಟ್ಟದ ‘ವೇಗ್ ಫೋಟೊ’ ತೆಗೆದೆ ಎನ್ನಲಾಗದು.

ವಾಕ್ಯದಲ್ಲಿ ಇರಿಸುವುದು

ಈ ವಿಶೇಷಣವನ್ನು ನಾಮಪದಕ್ಕೆ ಮೊದಲೂ ಇಡಬಹುದು, ಕ್ರಿಯಾಪದದ ನಂತರವೂ ಇಡಬಹುದು: ‘ಶೀ ಗೇವ್ ಎ ವೇಗ್ ರಿಪ್ಲೈ’, ‘ಹರ್ ರಿಪ್ಲೈ ವಾಸ್ ವೇಗ್’. ‘ವಾಸ್’ ಇರುವಲ್ಲಿ ‘ಸೌಂಡೆಡ್’, ‘ಸೀಮ್ಡ್’, ‘ರಿಮೇನ್ಡ್’ ಎಂಬವೂ ಹೊಂದುತ್ತವೆ. ಪ್ರಮಾಣವನ್ನು ತಿಳಿಸಲು ‘ವೆರಿ’, ‘ರಾದರ್’, ‘ಎ ಬಿಟ್’, ‘ಟೂ’ ಸೇರಿಸಬಹುದು. ವಿಷಯವನ್ನು ತಿಳಿಸುವಾಗ ಜೊತೆಗೆ ಬರುವುದು ‘ಅಬೌಟ್’: ‘ಹಿ ವಾಸ್ ವೇಗ್ ಅಬೌಟ್ ಹಿಸ್ ಪ್ಲಾನ್ಸ್’, ಅಂದರೆ ತನ್ನ ಯೋಜನೆಯ ವಿವರವನ್ನು ಬಿಟ್ಟುಕೊಡಲಿಲ್ಲ, ಅಥವಾ ಅವನಲ್ಲಿಯೇ ವಿವರ ಇರಲಿಲ್ಲ. ಬ್ರಿಟಿಷ್ ಬಳಕೆಯಲ್ಲಿ ಯಾರನ್ನಾದರೂ ನೇರವಾಗಿ ‘ಎ ವೇಗ್ ಪರ್ಸನ್’ ಎಂದರೆ ಆತ ಮರೆಗುಳಿ, ಮನಸ್ಸು ಎಲ್ಲೋ ಇರುವವನು ಎಂಬ ಅರ್ಥ ಬರುತ್ತದೆ.

ಜೊತೆಯಾಗಿ ಬರುವ ನಾಮಪದಗಳನ್ನು ಅರ್ಥದೊಂದಿಗೆ ಕಲಿಯುವುದು ಬಿಡಿ ಪದವನ್ನು ಉರುಹೊಡೆಯುವುದಕ್ಕಿಂತ ಹೆಚ್ಚು ಉಪಯುಕ್ತ. ‘ಎ ವೇಗ್ ಐಡಿಯಾ’ ಎಂದರೆ ಅಲ್ಪಸ್ವಲ್ಪ ತಿಳಿವಳಿಕೆ. ನಾವು ಕನ್ನಡದಲ್ಲಿ ‘ಐಡಿಯಾ’ ಎಂದರೆ ಉಪಾಯ ಎಂದುಕೊಳ್ಳುತ್ತೇವೆ, ಇಲ್ಲಿ ಹಾಗಲ್ಲ. ‘ಎ ವೇಗ್ ಮೆಮೊರಿ’ ಮಸುಕು ಮಸುಕಾದ ನೆನಪು. ‘ಎ ವೇಗ್ ಪ್ರಾಮಿಸ್’ ಯಾವುದಕ್ಕೂ ಕಟ್ಟುಬೀಳದ ಭರವಸೆ. ‘ಎ ವೇಗ್ ಫೀಲಿಂಗ್’ ಏನೆಂದು ಹೆಸರಿಸಲಾಗದ ಅನಿಸಿಕೆ. ‘ಎ ವೇಗ್ ಸಸ್ಪಿಷನ್’ ಆಧಾರ ತೋರಿಸಲಾಗದ ಸಣ್ಣ ಸಂಶಯ. ರೋಗಿ ನೋವಿನ ಜಾಗವನ್ನು ಬೆರಳಿಟ್ಟು ತೋರಿಸಲಾರದೆ ‘ಇಲ್ಲೆಲ್ಲೋ, ಏನೋ ಒಂಥರಾ’ ಎಂದಾಗ ವೈದ್ಯರು ಅದನ್ನು ‘ವೇಗ್ ಪೇನ್’ ಎಂದು ಬರೆದುಕೊಳ್ಳುವುದುಂಟು.

‘ವೇಗ್ಲಿ’ ಎಂಬ ಕ್ರಿಯಾವಿಶೇಷಣಕ್ಕೆ ನಮ್ಮ ‘ಏನೋ’, ‘ಎಲ್ಲೋ’, ‘ಅಷ್ಟಿಷ್ಟು’ ಎಂಬ ಮಾತುಗಳು ನಿಘಂಟಿನ ‘ಅಸ್ಪಷ್ಟವಾಗಿ’ಗಿಂತ ಎಷ್ಟೋ ಚೆನ್ನಾಗಿ ಹೊಂದುತ್ತವೆ. ‘ಹಿಸ್ ಫೇಸ್ ಈಸ್ ವೇಗ್ಲಿ ಫೆಮಿಲಿಯರ್’ ಎಂಬುದನ್ನು ‘ಅವನ ಮುಖ ಅಸ್ಪಷ್ಟವಾಗಿ ಪರಿಚಿತವಾಗಿದೆ’ ಎಂದು ಅನುವಾದಿಸಿದರೆ ಅದು ಕನ್ನಡವೇ ಅಲ್ಲ. ‘ಅವನನ್ನು ಎಲ್ಲೋ ನೋಡಿದ ಹಾಗಿದೆ’ ಎಂಬುದೇ ಸರಿಯಾದ ಕನ್ನಡ. ‘ಐ ವೇಗ್ಲಿ ರಿಮೆಂಬರ್’ ಎಂದರೆ ‘ಅಷ್ಟಿಷ್ಟು ನೆನಪಿದೆ’.

‘ವೇಗೆಸ್ಟ್’ ರೂಪ ಬಹುಮಟ್ಟಿಗೆ ನಿಷೇಧದ ಜೊತೆ ಬರುತ್ತದೆ. ‘ಐ ಹ್ಯಾವಂಟ್ ದ ವೇಗೆಸ್ಟ್ ಐಡಿಯಾ’ ಎಂದರೆ ‘ನನಗೆ ಒಂದಿಷ್ಟೂ ಗೊತ್ತಿಲ್ಲ’. ಇದರಿಂದ ನಿಷೇಧವನ್ನು ತೆಗೆದು ‘ಓನ್ಲಿ’ ಸೇರಿಸಿದರೆ, ಅಂದರೆ ‘ಐ ಹ್ಯಾವ್ ಓನ್ಲಿ ದ ವೇಗೆಸ್ಟ್ ಐಡಿಯಾ’ ಎಂದರೆ, ‘ತೀರ ಅಲ್ಪವಾಗಿ ಗೊತ್ತು’ ಎಂದಾಗುತ್ತದೆ. ಎರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ: ಮೊದಲನೆಯದರಲ್ಲಿ ತಿಳಿವಳಿಕೆ ಇಲ್ಲವೇ ಇಲ್ಲ, ಎರಡನೆಯದರಲ್ಲಿ ಇದೆ.

ಧಾಟಿಯ ವಿಷಯವಾಗಿಯೂ ಒಂದು ಮಾತು ಹೇಳಬೇಕು. ‘ಯು ಆರ್ ಬೀಯಿಂಗ್ ವೇಗ್’ ಎಂದು ಎದುರಿಗಿರುವವರಿಗೆ ಹೇಳುವುದು ಸೌಮ್ಯವಾದರೂ ಆಕ್ಷೇಪವೇ. ಹಿರಿಯ ಅಧಿಕಾರಿಗಳಿಗೆ, ಗ್ರಾಹಕರಿಗೆ, ಗುರುಗಳಿಗೆ ಹಾಗೆನ್ನುವ ಬದಲು ‘ಕುಡ್ ಯು ಬಿ ಎ ಲಿಟಲ್ ಮೋರ್ ಸ್ಪೆಸಿಫಿಕ್?’ ಎಂದು ಕೇಳುವುದು ಮೇಲು. ಅದಕ್ಕಿಂತಲೂ ಮೇಲಾದುದು, ಯಾವ ವಿವರ ಬೇಕೋ ಅದನ್ನೇ ಕೇಳುವುದು: ‘ಬೈ ವಿಚ್ ಡೇಟ್?’, ‘ಹೌ ಮೆನಿ ಕಾಪೀಸ್?’. ವಿವರವಿಲ್ಲ ಎಂದು ದೂರುವವರೂ ತಮಗೆ ಬೇಕಾದ ವಿವರವನ್ನು ಹೆಸರಿಸದಿದ್ದರೆ ಮಾತು ಮುಂದೆ ಸಾಗುವುದಿಲ್ಲ.

ಕಾನೂನಿನಲ್ಲಿ ಈ ಪದದ ತೂಕ

ಒಂದು ಮಾತು ಎಷ್ಟರಮಟ್ಟಿಗೆ ಖಚಿತವಾಗಿರಬೇಕು ಎಂಬ ಪ್ರಶ್ನೆ ಕಾನೂನಿನಲ್ಲಿ ಹಣ, ಆಸ್ತಿ, ಸ್ವಾತಂತ್ರ್ಯಗಳನ್ನೇ ಮುಟ್ಟುತ್ತದೆ. ಆದ್ದರಿಂದ ಪದದ ಅರ್ಥವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಕ್ಷೇತ್ರ ಸಿಗುವುದು ಕಷ್ಟ. ಭಾರತೀಯ ಕರಾರು ಕಾಯ್ದೆ, 1872ರ 29ನೆಯ ಪ್ರಕರಣದ ಪ್ರಕಾರ, ಅರ್ಥ ಖಚಿತವಲ್ಲದ ಮತ್ತು ಖಚಿತಪಡಿಸಿಕೊಳ್ಳಲೂ ಬಾರದ ಒಪ್ಪಂದಗಳು ಅನೂರ್ಜಿತ. ಪ್ರಕರಣದೊಳಗಿನ ಉದಾಹರಣೆಗಳು ನಮ್ಮ ವಿಷಯಕ್ಕೆ ಬಹಳ ಬೆಲೆಯುಳ್ಳವು. ಒಬ್ಬ ಇನ್ನೊಬ್ಬನಿಗೆ ‘ನೂರು ಟನ್ ಎಣ್ಣೆ’ ಮಾರಲು ಒಪ್ಪುತ್ತಾನೆ, ಯಾವ ಎಣ್ಣೆ ಎಂದು ತಿಳಿಯಲು ಏನೇನೂ ಆಧಾರವಿಲ್ಲ, ಒಪ್ಪಂದ ನಿಲ್ಲುವುದಿಲ್ಲ. ಮಾರುವವನು ತೆಂಗಿನೆಣ್ಣೆಯ ವ್ಯಾಪಾರವನ್ನು ಮಾತ್ರ ಮಾಡುವವನಾಗಿದ್ದರೆ ಅದೇ ಮಾತು ನಿಲ್ಲುತ್ತದೆ, ಏಕೆಂದರೆ ಅವನ ವ್ಯಾಪಾರವೇ ಎಣ್ಣೆ ಯಾವುದೆಂದು ಹೇಳುತ್ತದೆ. ಇನ್ನೊಂದು ಉದಾಹರಣೆಯಲ್ಲಿ ಒಬ್ಬ ತನ್ನ ಬಿಳಿಯ ಕುದುರೆಯನ್ನು ‘ಐದು ನೂರು ರೂಪಾಯಿಗೆ ಅಥವಾ ಒಂದು ಸಾವಿರ ರೂಪಾಯಿಗೆ’ ಮಾರಲು ಒಪ್ಪುತ್ತಾನೆ. ಯಾವ ಬೆಲೆ ಎಂದು ತಿಳಿಯದ ಕಾರಣ ಇದೂ ಅನೂರ್ಜಿತ.

ಕಾಯ್ದೆ ಇವೆರಡನ್ನೂ ಅನಿಶ್ಚಿತತೆ ಎಂಬ ಒಂದೇ ತಲೆಬರಹದಡಿ ಇರಿಸುತ್ತದೆ. ಆದರೆ ಮೇಲೆ ಹೇಳಿದ ಪರೀಕ್ಷೆಯನ್ನು ಹಚ್ಚಿ ನೋಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಎಣ್ಣೆಯ ವಿಷಯದಲ್ಲಿ ನಾವು ಕೇಳುವುದು ‘ಯಾವ ಎಣ್ಣೆ?’ ಎಂದು, ಅಲ್ಲಿ ವಿವರ ಬಿಟ್ಟುಹೋಗಿದೆ, ಮಾತು ವೇಗ್. ಕುದುರೆಯ ವಿಷಯದಲ್ಲಿ ‘ಐದು ನೂರೋ, ಸಾವಿರವೋ?’ ಎಂದು, ಮಾತು ಆಂಬಿಗ್ಯುಯಸ್. ಎಣ್ಣೆಯ ಉದಾಹರಣೆಯಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ಅದರಲ್ಲಿ ನೂರು ಟನ್ ಎಂಬ ಖಚಿತವಾದ ಅಂಕಿ ಇತ್ತು, ಆದರೂ ಒಪ್ಪಂದ ಬಿದ್ದುಹೋಯಿತು. ಅಂಕಿಗಳನ್ನು ತುಂಬಿದ ಮಾತ್ರಕ್ಕೆ ಮಾತು ಖಚಿತವಾಗುವುದಿಲ್ಲ. ಅಗತ್ಯವಾದ ವಿವರವೇ ಇಲ್ಲದಿದ್ದರೆ ಅನಗತ್ಯವಾದ ವಿವರ ಎಷ್ಟಿದ್ದರೂ ಪ್ರಯೋಜನವಿಲ್ಲ.

ಅಪರಾಧವನ್ನು ನಿರ್ಧರಿಸುವ ಕಾನೂನಿನಲ್ಲಿ ಇದು ಇನ್ನೂ ಗಂಭೀರ. ಯಾವುದು ನಿಷಿದ್ಧ ಎಂದು ಸ್ಪಷ್ಟವಾಗಿ ನಿರೂಪಿಸದ ಕಾನೂನು ನಿಲ್ಲದು ಎಂಬ ತತ್ತ್ವಕ್ಕೆ ಇಂಗ್ಲಿಷಿನಲ್ಲಿ ‘ವಾಯ್ಡ್ ಫಾರ್ ವೇಗ್‌ನೆಸ್’ ಎಂದು ಹೆಸರು. ಸುಪ್ರೀಂ ಕೋರ್ಟ್ 1994ರ ಕರ್ತಾರ್ ಸಿಂಗ್ ಪ್ರಕರಣದಲ್ಲಿ ಈ ತತ್ತ್ವವನ್ನು ಎತ್ತಿಹೇಳಿತು. ಮುಂದೆ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ, 2015ರ ಮಾರ್ಚ್ 24ರಂದು, ಆಕ್ಷೇಪಾರ್ಹ ಆನ್‌ಲೈನ್ ಸಂದೇಶಗಳಿಗೆ ಶಿಕ್ಷೆ ವಿಧಿಸುತ್ತಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಪ್ರಕರಣವನ್ನು ಸಂವಿಧಾನಬಾಹಿರ ಎಂದು ರದ್ದುಗೊಳಿಸಿತು. ‘ಅತ್ಯಂತ ಆಕ್ಷೇಪಾರ್ಹ’, ‘ಕಿರಿಕಿರಿ’, ‘ಅನನುಕೂಲ’ ಎಂಬಂಥ ಪದಗಳಿಗೆ ಕಾಯ್ದೆಯ ಆ 66ಎ ಪ್ರಕರಣದಲ್ಲಿ ವ್ಯಾಖ್ಯೆಯೇ ಇರಲಿಲ್ಲ. ಒಬ್ಬರಿಗೆ ಕಿರಿಕಿರಿಯಾದ ಮಾತು ಇನ್ನೊಬ್ಬರಿಗೆ ಏನೂ ಅನಿಸದಿರಬಹುದು. ಹೀಗಿರುವಾಗ ಎಲ್ಲಿಯವರೆಗೆ ಮಾತನಾಡಬಹುದು ಎಂದು ನಾಗರಿಕರಿಗೂ ತಿಳಿಯದು, ಯಾವಾಗ ಬಂಧಿಸಬಹುದು ಎಂದು ಪೊಲೀಸರಿಗೂ ತಿಳಿಯದು. ಪದಗಳಿಗೆ ಗಡಿಯಿಲ್ಲದಿದ್ದರೆ ಅಧಿಕಾರಕ್ಕೂ ಗಡಿಯಿಲ್ಲದಂತಾಗುತ್ತದೆ ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ಉದಾಹರಣೆ ಅಪರೂಪ.

ಹಾಗೆಂದು ಕಾನೂನು ಎಲ್ಲೆಡೆಯೂ ಗೆರೆ ಎಳೆಯಲು ಹೋಗುವುದಿಲ್ಲ. ಅದೇ ಕರಾರು ಕಾಯ್ದೆಯ 46ನೆಯ ಪ್ರಕರಣದಲ್ಲಿ, ಅವಧಿಯನ್ನು ಹೇಳದ ಕರಾರನ್ನು ‘ಸಮಂಜಸವಾದ ಕಾಲ’ದೊಳಗೆ ನೆರವೇರಿಸಬೇಕು ಎಂದಿದೆ, ಸಮಂಜಸ ಯಾವುದು ಎಂಬುದು ಆಯಾ ಪ್ರಕರಣದ ಸಂಗತಿಗಳನ್ನು ನೋಡಿ ತೀರ್ಮಾನಿಸಬೇಕಾದ ಪ್ರಶ್ನೆ ಎಂದೂ ವಿವರಿಸಿದೆ. ಹೂವಿನ ವ್ಯಾಪಾರಕ್ಕೂ ಸೇತುವೆಯ ಕಾಮಗಾರಿಗೂ ಒಂದೇ ಅವಧಿಯನ್ನು ಮೊದಲೇ ನಿಗದಿಪಡಿಸಲು ಸಾಧ್ಯವಿಲ್ಲ. ಇಂಥ ಕಡೆ ಬೇಕೆಂದೇ ಬಿಟ್ಟ ಅವಕಾಶವನ್ನು ಕುರಿತು ಬರೆಯುವಾಗ, ದೋಷದ ಛಾಯೆಯುಳ್ಳ ‘ವೇಗ್’ಗಿಂತ ‘ಫ್ಲೆಕ್ಸಿಬಲ್’ ಅಥವಾ ‘ಓಪನ್’ ಎಂಬ ಪದ ನ್ಯಾಯವಾದುದು.

ನಮ್ಮ ಅರ್ಜಿಗಳಲ್ಲಿ, ಪತ್ರಗಳಲ್ಲಿ

ಮಾಹಿತಿ ಹಕ್ಕು ಕಾಯ್ದೆ, 2005ರ 6ನೆಯ ಪ್ರಕರಣ ಅರ್ಜಿದಾರರು ತಮಗೆ ಬೇಕಾದ ಮಾಹಿತಿಯ ವಿವರಗಳನ್ನು ನಿರ್ದಿಷ್ಟಪಡಿಸಬೇಕೆಂದು ಹೇಳುತ್ತದೆ. ‘ನಮ್ಮ ಊರಿನ ರಸ್ತೆ ಕಾಮಗಾರಿಗಳ ಬಗ್ಗೆ ಸಂಪೂರ್ಣ ಮಾಹಿತಿ ಕೊಡಿ’ ಎಂದು ಬರೆದರೆ ಆ ಕೋರಿಕೆಯನ್ನು ವೇಗ್ ಎಂದು ತಳ್ಳಿಹಾಕಲು ಕಚೇರಿಗೆ ನಾವೇ ದಾರಿ ಮಾಡಿಕೊಟ್ಟಂತೆ. ಯಾವ ರಸ್ತೆ, ಎಲ್ಲಿಂದ ಎಲ್ಲಿಯವರೆಗೆ, ಯಾವ ಆರ್ಥಿಕ ವರ್ಷ, ಬೇಕಾಗಿರುವುದು ಅಂದಾಜು ಪಟ್ಟಿಯೋ ಅಳತೆ ಪುಸ್ತಕದ ಪ್ರತಿಯೋ ಗುತ್ತಿಗೆದಾರರಿಗೆ ಪಾವತಿಸಿದ ಬಿಲ್ಲಿನ ಪ್ರತಿಯೋ ಎಂಬುದನ್ನು ಬರೆದರೆ ಅದೇ ಅರ್ಜಿ ಗಟ್ಟಿಯಾಗುತ್ತದೆ. ‘ಸಂಪೂರ್ಣ’ ಎಂಬ ಪದ ಕೇಳಲು ಬಲವಾಗಿದೆ, ಆದರೆ ಅದರಲ್ಲಿ ವಿವರವೇನೂ ಇಲ್ಲ ಎಂಬುದನ್ನು ಗಮನಿಸಬೇಕು.

ಕಚೇರಿಯ ಕಡೆಯಿಂದ ಬರುವ ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಉತ್ತರಕ್ಕೂ ಇದೇ ದೋಷವಿದೆ. ಪರಿಶೀಲಿಸುವವರು ಯಾರು, ಕ್ರಮ ಯಾವುದು, ಎಷ್ಟು ದಿನದೊಳಗೆ ಎಂಬ ಮೂರೂ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಕರ್ಮಣಿ ಪ್ರಯೋಗ ಕರ್ತೃವನ್ನೂ ಮರೆಮಾಡಿಬಿಡುತ್ತದೆ. ಭಾರತದ ಕಚೇರಿ ಇಂಗ್ಲಿಷಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ‘ಡೂ ದ ನೀಡ್‌ಫುಲ್’ ಎಂಬ ಕೋರಿಕೆಯೂ ಹೀಗೆಯೇ, ಅಗತ್ಯವಾದುದು ಏನು ಎಂದು ಊಹಿಸುವ ಹೊರೆಯನ್ನು ಓದುವವರ ಮೇಲೆ ಹಾಕುತ್ತದೆ. ಅದರ ಬದಲು ‘ಲಗತ್ತಿಸಿದ ಪತ್ರಕ್ಕೆ ಸಹಿ ಮಾಡಿ ಸೋಮವಾರದೊಳಗೆ ಹಿಂದಿರುಗಿಸಿ’ ಎಂಬುದನ್ನು ಇಂಗ್ಲಿಷಿನಲ್ಲಿ ನೇರವಾಗಿ ಬರೆಯಬೇಕು. ‘ಒಂದೆರಡು’, ‘ನಾಲ್ಕಾರು’, ‘ಹತ್ತಿಪ್ಪತ್ತು’ ಎಂಬ ನಮ್ಮ ಜೋಡಿ ಸಂಖ್ಯೆಗಳು ಮಾತಿನಲ್ಲಿ ಸೊಗಸಾಗಿವೆ, ಅಂದಾಜು ಹೇಳಲು ಅವು ಬೇಕೇ ಬೇಕು. ಖರೀದಿ ಪತ್ರದಲ್ಲಿ, ಬಾಡಿಗೆ ಕರಾರಿನಲ್ಲಿ ಅವುಗಳಿಗೆ ಜಾಗವಿಲ್ಲ.

ಅಭ್ಯಾಸಕ್ಕೆ ಕೆಲವು ಮಾತುಗಳು

ಕೆಳಗಿನವುಗಳನ್ನು ಇಂಗ್ಲಿಷಿನಲ್ಲಿ ಹೇಳಬೇಕಾಗಿ ಬಂದರೆ ‘ವೇಗ್’ ಸಲ್ಲುತ್ತದೆಯೇ ಎಂದು ಮೊದಲು ನೀವೇ ಯೋಚಿಸಿ. ‘ಜೆರಾಕ್ಸ್ ಪ್ರತಿಯಲ್ಲಿ ಸಹಿ ಅಸ್ಪಷ್ಟವಾಗಿದೆ’ ಎಂಬಲ್ಲಿ ಸಲ್ಲುವುದಿಲ್ಲ. ತೊಂದರೆ ಕಣ್ಣಿಗೆ ಸಂಬಂಧಿಸಿದ್ದು, ‘ನಾಟ್ ಕ್ಲಿಯರ್’ ಅಥವಾ ‘ಇಲ್ಲೆಜಿಬಲ್’ ಎನ್ನಬೇಕು. ‘ಕೆಲಸದ ಜಾಹೀರಾತಿನಲ್ಲಿ ಸಂಬಳದ ಬಗ್ಗೆ ಆಕರ್ಷಕ ಎಂದಷ್ಟೇ ಇದೆ’ ಎಂಬಲ್ಲಿ ಸಲ್ಲುತ್ತದೆ: ‘ದಿ ಆಡ್ ಈಸ್ ವೇಗ್ ಅಬೌಟ್ ದ ಸ್ಯಾಲರಿ’. ‘ಅಜ್ಜಿಯ ಊರಿನ ಮನೆ ನನಗೆ ಅಷ್ಟಿಷ್ಟು ನೆನಪಿದೆ’ ಎಂಬಲ್ಲಿಯೂ ಸಲ್ಲುತ್ತದೆ, ‘ವೇಗ್ಲಿ ರಿಮೆಂಬರ್’ ಎಂದು ಬರೆಯಬಹುದು. ‘ಅಣ್ಣ ತಮ್ಮನಿಗೆ ಅವನ ಸೈಕಲ್ ಕೊಟ್ಟ’ ಎಂಬ ವಾಕ್ಯದಲ್ಲಿ ಸೈಕಲ್ ಅಣ್ಣನದೋ ತಮ್ಮನದೋ ಎಂಬ ಪ್ರಶ್ನೆ ಏಳುವುದರಿಂದ ಅದು ಆಂಬಿಗ್ಯುಯಸ್. ‘ನಾಳೆ ಮಳೆ ಬಂದರೂ ಬರಬಹುದು’ ಎಂಬುದರಲ್ಲಿ ವೇಗ್ ಎನ್ನುವಂಥದ್ದು ಏನೂ ಇಲ್ಲ, ದಿನವೂ ಸಂಗತಿಯೂ ಖಚಿತವಾಗಿ ಹೇಳಲ್ಪಟ್ಟಿವೆ. ಅನಿಶ್ಚಿತವಾಗಿರುವುದು ಮಳೆ, ಆದ್ದರಿಂದ ‘ಅನ್‌ಸರ್ಟನ್’. ‘ಗುತ್ತಿಗೆದಾರರು ಕೆಲಸವನ್ನು ಗುಣಮಟ್ಟದ ಸಾಮಗ್ರಿಯಿಂದ ಮಾಡತಕ್ಕದ್ದು’ ಎಂಬ ಕರಾರಿನ ಸಾಲು ವೇಗ್. ಸಿಮೆಂಟಿನ ದರ್ಜೆ, ಕಬ್ಬಿಣದ ಸರಳಿನ ವ್ಯಾಸ, ಮಿಶ್ರಣದ ಪ್ರಮಾಣಗಳನ್ನು ಬರೆದ ಮೇಲೆ ಅದು ವೇಗ್ ಆಗಿ ಉಳಿಯುವುದಿಲ್ಲ.